ಉಜ್ಜಬ್ಯಾಡ, ತಟ್ಟು

ಹನ್ನೊಂದು ಶೀಶೆ, ಒಂದು ಡಬ್ಬಿ,
ಕಿರುಬೆರಳಿನಷ್ಟು ಪ್ಲಾಸ್ಟಿಕ್ ಚಮಚ.
ಕೊರಿಯಾದಿಂದ ದಾವಣಗೆರೆಗೆ ಬಂದು
ನನ್ನ ಪಾರ್ಲರಿನ ಕನ್ನಡಿ ಮುಂದೆ ಸಾಲಾಗಿ ನಿಂತಿವೆ
ಮದುವೆಗೆ ಬಂದ ಬೀಗರ ಹಾಗೆ;
ಯಾರನ್ನು ಮೊದಲು ಮಾತಾಡಿಸಬೇಕೋ ತಿಳಿಯದು.

ತಂದವಳು ನಾಜ್‌ನೀನ್, ಮಂಡಕ್ಕಿ ಭಟ್ಟಿಯ ಹುಡುಗಿ.
ಎಂಟು ತಿಂಗಳು ಕೂಡಿಟ್ಟ ದುಡ್ಡು.
ಹದಿನೈದು ದಿನ ಹಚ್ಚಿದ್ದಾಳೆ, ಚೀಟಿಯ ಕ್ರಮ ತಪ್ಪದೆ,
ಒಂದರ ಮೇಲೊಂದು, ಹಾಸಿಗೆ ಮಡಿಚಿಟ್ಟ ಹಾಗೆ.
ಈಗ ಕೆನ್ನೆ ತುಂಬ ಸಾಸಿವೆ ಸಿಡಿದಂತೆ ಮೊಡವೆ.
"ಗಾಜಿನಂಗ ಆಗತೈತಿ ಅಂದಿದ್ರು ಆಂಟಿ" ಅನ್ನುತ್ತಾಳೆ
ಗಾಜು ಒಡೆದವಳ ಮುಖ ಮಾಡಿಕೊಂಡು.

ಡಬ್ಬಿಯ ಮೇಲಿನ ಹುಡುಗಿಯನ್ನು ನೋಡುತ್ತೇನೆ.
ಚಂದ ಇದ್ದಾಳೆ ತಾಯಿ, ಇಲ್ಲ ಅನ್ನೋದಿಲ್ಲ.
ಆದರೆ ಅವಳು ಏಪ್ರಿಲ್ಲಿನ ಮಧ್ಯಾಹ್ನ
ಕಾದ ಮರಳಿಗೆ ಅಕ್ಕಿ ಸುರಿದಿಲ್ಲ,
ಹೊಟ್ಟಿನ ಬೆಂಕಿಗೆ ಮುಖ ಕೊಟ್ಟು ನಿಂತಿಲ್ಲ,
ಬಕೆಟ್ಟಿಗೇ ಬಿಳಿ ಹಕ್ಕಳೆ ಕಟ್ಟುವ
ನಮ್ಮ ಬೋರಿನ ನೀರಲ್ಲಿ ಮುಖ ತೊಳೆದಿಲ್ಲ.
ಅವಳ ಊರಲ್ಲಿ ಹಿಮ ಬೀಳುತ್ತದಂತೆ.
ಹಿಮಕ್ಕೆ ಹೊದಿಕೆ ಬೇಕು, ಹೊದ್ದಿದ್ದಾಳೆ.
ಭಟ್ಟಿ ಮುಂದೆ ಕಂಬಳಿ ಹೊದ್ದು ನಿಂತರೆ
ಬೆವರು ಎತ್ತ ಹೋಗಬೇಕು?

ಒಂದೊಂದೇ ಶೀಶೆ ಎತ್ತಿ ಮೂಸುತ್ತೇನೆ.
ಇದು ಅಕ್ಕಿ ತೊಳೆದ ನೀರು.
ಒಂಬೈನೂರು ರೂಪಾಯಿ ಕೊಟ್ಟು ತರಿಸಿದ ಕಲಗಚ್ಚು!
ನಮ್ಮವ್ವ ಇದನ್ನು ಎಮ್ಮೆಗೆ ಇಡುತ್ತಿದ್ದಳು.
ಎಮ್ಮೆಯ ಮೈ, ಈಗ ನೆನಪಾಗುತ್ತದೆ, ಮಿರಿಮಿರಿ ಮಿಂಚುತ್ತಿತ್ತು.
ನಾಜ್‌ನೀನ್ ನಗುತ್ತಾಳೆ, ನಕ್ಕರೆ ಕೆನ್ನೆ ಉರಿದು
ನಗೆ ಅರ್ಧಕ್ಕೆ ಬಿಡುತ್ತಾಳೆ.

ಇದು ಬಸವನಹುಳದ ಲೋಳೆ.
ನಾನು ಕೊಟ್ರಮ್ಮ, ಕೊರಳಲ್ಲಿ ಲಿಂಗ ಕಟ್ಟಿದವಳು,
ಬಸವಾ ಎಂದು ಕೈಮುಗಿದು ಪಕ್ಕಕ್ಕಿಡುತ್ತೇನೆ.
ಹಿತ್ತಲ ಡಾಲ್ಡಾ ಡಬ್ಬಿಯಲ್ಲಿ ಲೋಳೆಸರ ಇದೆಯಲ್ಲ,
ಅದೂ ಲೋಳೆಯೇ, ಹರಿದಾಡುವುದಿಲ್ಲ ಅಷ್ಟೆ.

ಬಿಸಿಲಿಗೆ ಹಚ್ಚುವುದು ಒಳ್ಳೆಯದು, ಇರಲಿ.
ಆದರೆ ಈ ಡಬ್ಬಿಯದು ಅವಳ ಮೇಲೆ ಬೂದಿ ಬಳಿದಂತೆ;
ಒಲೆಯೊಳಗೆ ಬಿದ್ದೆಯೇನೇ ಎಂದರಂತೆ ಅವಳ ಅಬ್ಬಾ.
ಬಿಳಿ ಉಳಿಯದ್ದು ಗಡಿಯಾರ ಕಂಬದ ಹತ್ತಿರ
ಔಷಧಿ ಅಂಗಡಿಯಲ್ಲೇ ಸಿಗುತ್ತದೆ.
ನಮ್ಮ ಚರ್ಮದ ಗುಣ ಬೇರೆ, ಹೇಳುತ್ತೇನೆ,
ಮೊಡವೆ ಹೋದರೂ ಕಪ್ಪು ಉಳಿಯುತ್ತದೆ
ಜಗಳ ಮರೆತರೂ ಆಡಿದ ಮಾತು ಉಳಿದ ಹಾಗೆ.
ಚಿವುಟಬ್ಯಾಡ.

ಇಪ್ಪತ್ತಾರು ವರ್ಷ, ಈ ಕುರ್ಚಿಯಲ್ಲಿ ಕೂತವರನ್ನೆಲ್ಲ
ನಾನು ಉಜ್ಜಿದ್ದೇನೆ.
ಬ್ಲೀಚು ಬಳಿದು, ಸ್ವಲ್ಪ ಉರಿತೈತಿ ತಡಕೋ ಎಂದಿದ್ದೇನೆ.
ಹರಿಹರದ ಒಬ್ಬ ಮದುವಣಗಿತ್ತಿಯ ಕೆನ್ನೆ ಸುಟ್ಟಿತ್ತು;
ಅವಳು ಅಳಲಿಲ್ಲ, ಬಣ್ಣ ಬಂತಾ ಎಂದು ಕೇಳಿದಳು.
ನನ್ನನ್ನೂ ಉಜ್ಜಿದ್ದಾರೆ. ಅಜ್ಜಿ, ಕಡಲೆಹಿಟ್ಟು ಹಚ್ಚಿ,
ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ,
ಅಡಿಯಲ್ಲೆಲ್ಲೋ ಬೆಳ್ಳಗಿನ ಮೊಮ್ಮಗಳು
ಇದ್ದೇ ಇದ್ದಾಳೆಂಬ ನಂಬಿಕೆಯಲ್ಲಿ.

ಚೀಟಿ ತಿರುವುತ್ತೇನೆ. ಅಕ್ಷರ ನನಗೆ ಬರದು,
ಸೊನ್ನೆ, ಗೆರೆ, ಮಕ್ಕಳು ಕಡ್ಡಿ ಜೋಡಿಸಿದ ಹಾಗೆ.
ಆದರೆ ಚಿತ್ರ ಇದೆ: ಎರಡು ಅಂಗೈ, ಒಂದು ಕೆನ್ನೆ,
ಉಜ್ಜುವ ಬಾಣದ ಮೇಲೆ ಅಡ್ಡಗೆರೆ.
ತಟ್ಟಬೇಕಂತೆ.
ರೊಟ್ಟಿ ತಟ್ಟಿದ ಕೈ ನನ್ನದು,
ಕೂಸು ತಟ್ಟಿ ಮಲಗಿಸಿದ ಕೈ.
ಮುಖ ತಟ್ಟಬಹುದೆಂದು ಯಾರೂ ಹೇಳಿರಲಿಲ್ಲ.

ಮೂರು ಶೀಶೆ ಉಳಿಸಿದೆ. ಮಿಕ್ಕವು ಡಿಸೆಂಬರಿಗೆ,
ಇಲ್ಲವೆ ನಿನ್ನ ಅತ್ತಿಗೆಯ ಒಡೆದ ಹಿಮ್ಮಡಿಗೆ.
ಕುದಿಸಿ ಆರಿಸಿದ ನೀರಲ್ಲಿ ಮುಖ ತೊಳೆದು
ತಟ್ಟಿದೆ.
ತಟ್ಟುತ್ತ ತಟ್ಟುತ್ತ
ನಸುಕಿನ ನಾಲ್ಕಕ್ಕೆ ಎದ್ದ ಹುಡುಗಿ
ಬಾಯಿ ಚೂರು ತೆರೆದು ನಿದ್ದೆ ಹೋದಳು.

ಹೊರಗೆ ಜರಡಿಯಾಡುವ ಸದ್ದು,
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಹುಬ್ಬು ತೀಡಿಸಲು ಬಂದವಳಿಗೆ
ತುಟಿಗೆ ಬೆರಳಿಟ್ಟು ತೋರಿಸಿ
ಆಮೇಲೆ ಬಾ ಎಂದೆ.